ಅತ್ತೆಯ ಮೊದಲ ಗುಟುಕು

"ನೀನು ಯಾರ ಮಗಳವ್ವಾ?" ಎಂದು ಅತ್ತೆ ಕೇಳಿದರು.

ನಾನು ಕೊಂಕು ಎಂದುಕೊಂಡೆ. ಸೊಕ್ಕೆ ಊರಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರ ಕೊಂಕಿಗೆ ಬರವಿರಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಕಾಯುತ್ತ, ಕಾಗೆ ಓಡಿಸುತ್ತ ಕೂತಿದ್ದರು. ಸೆರಗು ಬಿಟ್ಟರೆ ತಲೆಗೆ ಬೇರೆ ನೆರಳಿಲ್ಲ. ಕೈ ಹಿಡಿದೆ. ಕಾದ ಹಂಚಿನಂತೆ ಸುಡುತ್ತಿತ್ತು. ಬೆವರಿನ ಪಸೆಯೂ ಇರಲಿಲ್ಲ.

ಅವರಿಗೆ ನಿಜವಾಗಿಯೂ ನನ್ನ ಗುರುತು ಸಿಗುತ್ತಿರಲಿಲ್ಲ.

ಸ್ನಾನವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಹನಿ ನೀರಿಲ್ಲ. ಇದು ಅತ್ತೆಯ ನೇಮ, ಸೊಸೆಗೂ ಅದೇ. ಹಿಂದಿನ ದಿನ ತುಂಬಿಟ್ಟ ನೀರು ಸ್ನಾನಕ್ಕೆ ಆಗದು, ಬಾವಿಯಿಂದ ಆಗಲೇ ಸೇದಿದ್ದೇ ಬೇಕು. ಈ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತ್ತು. ನೀರು ಊರಿ ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತಿತ್ತು. ನಾನಂತೂ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕದ್ದು ಕುಡಿದುಬಿಡುತ್ತಿದ್ದೆ. ಅವರು ಬಾಯಾರಿಕೆ ಎಂದವರೇ ಅಲ್ಲ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲವಂತೆ. ಡಾಕ್ಟರು ಆಮೇಲೆ ಹೇಳಿದರು.

ನಮ್ಮ ಮನೆಯವರು ತಾಯಿಯನ್ನು ಹೊತ್ತು ಕೆಳಗಿಳಿಸಿದರು. ಜಗಳೂರಿನ ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒದ್ದೆ ಬಟ್ಟೆಯಿಂದ ಹಣೆ ಒರೆಸಿದೆ. ಅತ್ತೆ ಬರಿಗೈ ಬೀಸಿ ಇಲ್ಲದ ಕಾಗೆ ಓಡಿಸುತ್ತಲೇ ಇದ್ದರು. ನನಗೆ ಅಳು ಬಂತು.

"ಸನ್‌ಸ್ಟ್ರೋಕ್," ಎಂದರು ಡಾಕ್ಟರು.

ಬಲಗೈಗೆ ಸಲೈನ್ ಹಾಕಿದರು. ನರ್ಸಮ್ಮ ಮತ್ತೆ ಮತ್ತೆ ತಣ್ಣೀರು ಬಟ್ಟೆಯಿಂದ ಮೈ ಒರೆಸಿದರು. ಮರುದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು, ಕಣ್ಣು ಬಿಟ್ಟಿದ್ದರು. ಆದರೂ ಡಾಕ್ಟರ ಮುಖ ಗಂಟಿಕ್ಕಿಕೊಂಡೇ ಇತ್ತು.

"ಯೂರಿನ್ ಸರಿಯಾಗಿ ಬರ್ತಿಲ್ಲ. ಬಾಯಿಂದಾನೂ ನೀರು ಕುಡಿಸ್ರಿ. ಕಿಡ್ನಿಗೆ ಪೆಟ್ಟು ಬಿದ್ರೆ ನಮ್ಮ ಕೈಯಾಗಿಲ್ಲ."

ಲೋಟ ಹಿಡಿದೆ. ಅತ್ತೆ ಹಲ್ಲು ಕಚ್ಚಿದರು.

ನನ್ನ ಗುರುತಿಲ್ಲ, ಊರಿನ ಗುರುತಿಲ್ಲ, ನೇಮ ಮಾತ್ರ ಮರೆತಿರಲಿಲ್ಲ. ಮಗ ಕೈಮುಗಿದರೂ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಗಿತ್ತು, ಇವರು ಹೀಗೇ ಹೋಗಿಬಿಟ್ಟರೆ ಎಂದು.

"ಅತ್ತೆಮ್ಮಾ, ನರ್ಸಮ್ಮ ಈಗ ತಾನೇ ಮೈಯೆಲ್ಲ ಒರೆಸ್ಯಾರೆ. ಅದೇ ಸ್ನಾನ ಅಂದ್ಕೊಳ್ರಿ. ಪೂಜೆ ಮಾಡಾಕೆ ಇನ್ನೇನು ಅಡ್ಡಿ ಐತೆ?"

ಅತ್ತೆಯ ಎಡಗೈ ತಡಕಾಡುತ್ತ ಕೊರಳಿಗೆ ಹೋಯಿತು. ಅವರ ಲಿಂಗವನ್ನು ನಾನು ಮುಟ್ಟುವಂತಿಲ್ಲ. ಸೂಜಿ ಚುಚ್ಚಿದ ಕೈಯನ್ನು ಮಾತ್ರ ಅಲುಗದಂತೆ ಹಿಡಿದುಕೊಂಡೆ. ತಾವೇ ತೆಗೆದು ಅಂಗೈಯಲ್ಲಿಟ್ಟುಕೊಂಡರು. ನಾನು ಲೋಟದಿಂದ ಅದರ ಮೇಲೆ ಹನಿಹನಿಯಾಗಿ ನೀರು ಬಿಟ್ಟೆ. ಅವರ ತುಟಿ ಅಲುಗಿತು.

ಪೂಜೆ ಮುಗಿಸಿ ಬಾಯಿ ತೆರೆದರು. ಒಂದು ಗುಟುಕು. ಇನ್ನೊಂದು.

ಲೋಟ ಖಾಲಿಯಾದ ಮೇಲೆ ನನ್ನ ಮುಖವನ್ನೇ ದಿಟ್ಟಿಸಿದರು. "ನೀನೂ ಕುಡಿಯೇ. ಅಡಿಗೆಮನೆಯಾಗೆ ಕದ್ದು ಕುಡೀತಿದ್ದೆಲ್ಲ, ಇಲ್ಲಿ ಯಾರ ಭಯ?"

ಹಿಂದಿನ ದಿನದಿಂದ ನನ್ನ ಬಾಯಿಗೂ ನೀರು ಬಿದ್ದಿರಲಿಲ್ಲ.

ಈಗ ಮನೆಗೆ ಬಂದಿದ್ದಾರೆ. ಪೂರ್ತಿ ಸರಿಹೋದರು ಎನ್ನಲಾರೆ, ಬಿಸಿಲೇರಿದರೆ ಮಾತು ತಡವರಿಸುತ್ತದೆ. ನಾವು ಮಾಳಿಗೆ ಹತ್ತಲು ಬಿಡುವುದಿಲ್ಲ. ಹಿಂದಿನ ದಿನದ ನೀರಲ್ಲೇ ಬೆಳಿಗ್ಗೆ ಸ್ನಾನ ಮಾಡಲು ಒಪ್ಪಿದ್ದಾರೆ, ಗೊಣಗುತ್ತ. ಪೂಜೆ ಮುಗಿಸಿ ತಂಬಿಗೆ ಎತ್ತುವ ಮೊದಲು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಇಬ್ಬರೂ ಒಟ್ಟಿಗೆ ಕುಡಿಯುತ್ತೇವೆ.