ಉಡಿದಾರಕ್ಕೆ ಕಟ್ಟಿದ ಕಾರಿನ ಕೀಲಿ

ನಮ್ಮ ಭಾವನ ಮೇಲೆ, ಅಂದರೆ ನನ್ನ ಗಂಡನ ಅಣ್ಣನ ಮೇಲೆ, ನಾನು ಸೇಡು ತೀರಿಸಿಕೊಂಡದ್ದು ಮೊಳಕಾಲ್ಮೂರಿನಲ್ಲಿ, ಅವರ ಮಾವನ ಮನೆಯ ಬಾಗಿಲಲ್ಲಿ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲಿನ ಮನೆ. ಅಣ್ಣ ತಮ್ಮ ಇಬ್ಬರೂ ಮಿಲ್ಲಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಮಾವನವರ ಕಾಲದ ಬಿಳಿ ಕಾರು ಶೆಡ್ಡಿನಲ್ಲಿ ಬೆಕ್ಕು ಮರಿ ಹಾಕುವ ಜಾಗವಾಗಿತ್ತು. ಗಂಡ ಅದನ್ನು ರಿಪೇರಿ ಮಾಡಿಸಿ ನನಗೆ ಓಡಿಸಲು ಕಲಿಸಿದರು. ಕಲಿತವಳು ಸುಮ್ಮನೆ ಕೂರಲಿಲ್ಲ. ದಿನ ಬಿಟ್ಟು ದಿನ ಮೊಳಕಾಲ್ಮೂರಿಗೆ ಹೋಗಿ, ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕ ಕೂತು ಅಂಚು ಸೆರಗು ನೋಡಿ, ರೇಷ್ಮೆ ಸೀರೆ ತಂದು ನಮ್ಮ ಪಡಸಾಲೆಯಲ್ಲೇ ಮಾರತೊಡಗಿದೆ. ಮದುವೆಯಾದ ಮೇಲೆ ನನ್ನದು ಅಂತ ಇದ್ದದ್ದು ಅದೊಂದೇ. ಆ ಕೀಲಿ ಕೈತಪ್ಪಿದರೆ ನಾನು ಮತ್ತೆ ಒಲೆಯ ಮುಂದೆ.

ಭಾವನಿಗೆ ಇದು ಕಣ್ಣಲ್ಲಿ ಬಿದ್ದ ಕಸ. ಆಯುಧಪೂಜೆಯ ದಿನ ಡ್ಯಾಶ್‌ಬೋರ್ಡಿನ ಮೇಲೆ ವೀರಭದ್ರನ ಫೋಟೊ ಕೂರಿಸಿ, ಮುಂದೆ ಒಂದು ಕೆಂಪು ಬಲ್ಬು ಹಾಕಿದರು. ಕೀಲಿ ತೆಗೆದರೂ ದೇವರ ದೀಪ ಆರಬಾರದಲ್ಲ, ಅದಕ್ಕೇ ಒಳಗಡೆ ಯಾವಾಗಲೂ ಕರೆಂಟು ಇರುವ ವೈರನ್ನು ಹುಡುಕಿ ತಾವೇ ಕೈಯಾರೆ ಸುತ್ತಿದರು. ಆಮೇಲೆ ನನಗೆ ಕಟ್ಟಪ್ಪಣೆ.

"ಗಾಡ್ಯಾಗೆ ದೇವ್ರು ಕುಂತಾನಮ್ಮ. ಹೊರಗಾದ ನಾಕು ದಿನ ಮುಟ್ಟಬ್ಯಾಡ."

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂಬ ಮಾತಿಗೆ ಮಠದಲ್ಲಿ ತಲೆಯಾಡಿಸಿ ಬರುವ ಮನೆ ನಮ್ಮದು. ತಿಂಗಳ ಆ ದಿನಗಳಲ್ಲಿ ನಾನು ತಟ್ಟಿದ ರೊಟ್ಟಿಯನ್ನೇ ಭಾವ ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು. ರೊಟ್ಟಿಗಿಲ್ಲದ ಮೈಲಿಗೆ ಕಾರಿಗೆ ಬಂತು.

ಅತ್ತೆಯ ಮುಖ ನೋಡಿ ಒಪ್ಪಿಕೊಂಡೆ. ಕಾರು ನಾಲ್ಕು ದಿನ ಶೆಡ್ಡಿನಲ್ಲಿ ನಿಂತಿತು. ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಯಿತು. ಬ್ಯಾಟರಿಯನ್ನು ಚಾರ್ಜಿಗೆ ಹಾಕಿಸಿದೆ, ಸರಿಹೋಯಿತು. ಮುಂದಿನ ತಿಂಗಳು ಮತ್ತೆ ಹಾಗೇ. ಮೆಕ್ಯಾನಿಕ್ ಬಂದ. ಫೋಟೊಗೆ ಕೈಮುಗಿದು ಬಾನೆಟ್ ಎತ್ತಿದ. ಬೆಲ್ಟು ಒತ್ತಿ ನೋಡಿದ, ಇಂಜಿನ್ ಓಡಿಸಿ ಮೀಟರ್ ಹಿಡಿದ. ಡೈನಮೊ ಚೆನ್ನಾಗಿಯೇ ಚಾರ್ಜ್ ಮಾಡುತ್ತಿತ್ತು. "ಹೊಸದಾಗಿ ಏನಾರ ಫಿಟಿಂಗ್ ಹಾಕ್ಸೀರೇನ್ರಿ?" ಎಂದು ಕೇಳಿದ. "ಏನೂ ಇಲ್ಲ" ಎಂದರು ಭಾವ. ಸುಳ್ಳು ಹೇಳಿದರು ಅನ್ನಲಾರೆ. ದೇವರ ದೀಪವೂ ಕರೆಂಟು ತಿನ್ನುತ್ತದೆಂದು ಯಾರಿಗೆ ತಾನೇ ಹೊಳೆದೀತು? ಹೊಸ ಬ್ಯಾಟರಿ ಬಂತು. ಮೂರನೆಯ ತಿಂಗಳು ಅದೂ ಅದೇ ಐದನೆಯ ದಿನ ಸತ್ತು ಕೂತಿತು.

ಆದರೆ ಆ ಸಲ ನಾನು ಕಣ್ಣಿಟ್ಟಿದ್ದೆ. ಮುಟ್ಟಬೇಡ ಎಂದಿದ್ದರೇ ಹೊರತು ನೋಡಬೇಡ ಎಂದಿರಲಿಲ್ಲ. ದಿನಾ ಸಂಜೆ ಜಗಲಿಯ ಮೇಲೆ ಕೂತು ಶೆಡ್ಡಿನ ಕಡೆ ನೋಡುತ್ತಿದ್ದೆ. ಮೊದಲ ಸಂಜೆ ಬಲ್ಬು ಕೆಂಡದ ಹಾಗಿತ್ತು. ದಿನದಿನಕ್ಕೆ ಕಂದಿತು. ನಾಲ್ಕನೆಯ ಸಂಜೆ ಕಣ್ಣು ಕಿರಿದು ಮಾಡಿದರೂ ಕಾಣಲಿಲ್ಲ. ಬ್ಯಾಟರಿಯನ್ನು ಹೀರುತ್ತಿದ್ದ ಕಳ್ಳ ಕಣ್ಣೆದುರಿಗೇ ಇದ್ದ. ಓಡಿದ ದಿನ ತಿಂದಷ್ಟನ್ನು ಡೈನಮೊ ತುಂಬಿಸುತ್ತಿತ್ತು, ನಿಂತ ದಿನ ತುಂಬುವವರಿಲ್ಲ.

ಇದನ್ನು ಹೇಳಬೇಕೆಂದು ಪಡಸಾಲೆಗೆ ಬಂದರೆ, ಸೀರೆ ನೋಡಲು ಬಂದ ಹೆಂಗಸರ ಎದುರಿಗೇ ಭಾವ ಬಾಯಿ ಹಾಕಿದರು. "ಹೊರಗಿದ್ದಾಗ ಕದ್ದು ಮುಟ್ಟಿರ್ತಾಳೆ. ದೇವ್ರು ಬಿಡ್ತಾನಾ? ಮ್ಯಾಲೆ ಸುಳ್ಳು ಬ್ಯಾರೆ."

ಅತ್ತೆ ನನ್ನ ಕಡೆ ತಿರುಗಿ, "ಹೌದೇನೆ?" ಎಂದರು. ಅದು ಭಾವನ ಮಾತಿಗಿಂತ ಹೆಚ್ಚು ಚುಚ್ಚಿತು. ನನ್ನ ಗಂಡ ಅಣ್ಣನಿಗೆ ಎದುರಾಡದೆ ಸ್ಕೂಟರ್ ಹತ್ತಿ ಮಿಲ್ಲಿಗೆ ಹೊರಟರು. ಭಾವ ಕೀಲಿಯನ್ನು ತಗೊಂಡು ಅಲ್ಲೇ ಉಡಿದಾರಕ್ಕೆ ಗಂಟು ಹಾಕಿದರು.

ತೆರೆದ ಬಾಯಿ ಮುಚ್ಚಿಕೊಂಡೆ. ಹೇಳಿದ್ದರೆ ಕಾರು ಸರಿಹೋಗುತ್ತಿತ್ತು, ಹೋದ ಮಾನ ಬರುತ್ತಿರಲಿಲ್ಲ. ಈ ಬ್ಯಾಟರಿ ಇವರ ಕೈಯಲ್ಲೇ ಸಾಯಬೇಕು, ನಾಲ್ಕು ಜನರ ಮುಂದೆ ಸಾಯಬೇಕು ಎಂದು ಹಲ್ಲು ಕಚ್ಚಿ ಕಾದೆ. ಅವರು ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿಸಿ, ದಿನಾ ಮಿಲ್ಲಿಗೆ ಕಾರಿನಲ್ಲೇ ಹೋಗತೊಡಗಿದರು. ದಿನಾ ಓಡಿದ ಕಾರು ಕೆಡುವುದೆಲ್ಲಿಂದ? "ನೋಡ್ದೇನವ್ವ, ಆಕಿ ಬಿಟ್ಟಮ್ಯಾಲೆ ಗಾಡಿ ಹೆಂಗೈತೆ!" ಎಂದು ಅತ್ತೆಯ ಮುಂದೆ ಮೀಸೆ ತಿರುವುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ.

ಕಾದದ್ದು ಸಾರ್ಥಕವಾಯಿತು. ಮೊಳಕಾಲ್ಮೂರಿನಲ್ಲಿ ಅವರ ಮಾವನ ಮನೆಯ ಗೃಹಪ್ರವೇಶ. ಗಂಡ ಹೆಂಡತಿ ಕಾರಿನಲ್ಲಿ ಹೋಗಿ ಐದು ದಿನ ಉಳಿದರು, ಕಾರು ಬೀಗರ ಬಾಗಿಲಲ್ಲಿ ಮೆರೆಯುತ್ತ ನಿಂತಿತು. ನಾನು ಹೋಗಲಿಲ್ಲ. ಅತ್ತೆಯ ಮಂಡಿಗೆ ಎಣ್ಣೆ ಹಚ್ಚುತ್ತ, ಅವರ ಕಣ್ಣ ಮುಂದೆಯೇ ಇದ್ದೆ. ಐದನೆಯ ದಿನ ಭಾವನ ಫೋನು ಬಂತು, ಗಾಡಿ ಎದ್ದೇಳುತ್ತಿಲ್ಲ, ಚಾರ್ಜಾದ ಬ್ಯಾಟರಿ ಕಳಿಸಿ ಎಂದು. ಮೆಕ್ಯಾನಿಕ್ಕನ ಹತ್ತಿರ ಬ್ಯಾಟರಿಯನ್ನೂ ವೈರು ಕಟ್ಟಿದ ಒಂದು ಟೆಸ್ಟ್ ಬಲ್ಬನ್ನೂ ಇಸಿದುಕೊಂಡು, ಅದನ್ನು ಹಿಡಿಯುವ ಬಗೆ ಕೇಳಿಕೊಂಡೆ. ಮಂಡಿನೋವಿನ ಅತ್ತೆಯನ್ನು ಬಿಡದೆ ಬಸ್ಸು ಹತ್ತಿಸಿದೆ. ಅವರು ನೋಡದಿದ್ದರೆ ನನಗೇನು ಬಂತು?

ಓಣಿಯಲ್ಲಿ ಹತ್ತು ಜನ "ತೋಯಂಡ್ರಾ, ತೋಯಂಡ್ರಾ!" ಎಂದು ತೆಲುಗಿನಲ್ಲಿ ಕೂಗುತ್ತ ಕಾರು ತಳ್ಳುತ್ತಿದ್ದರು. ಭಾವನ ಹೊಸ ಪಂಚೆ ಬೆವರಿಗೆ ಅಂಟಿಕೊಂಡಿತ್ತು. ನನ್ನನ್ನು ಕಂಡದ್ದೇ ಕಾರಿನಿಂದಿಳಿದು ಕೀಲಿಯನ್ನು ಮತ್ತೆ ಉಡಿದಾರಕ್ಕೆ ಬಿಗಿದರು. ಜಗಲಿಯ ತುಂಬ ಬೀಗರ ಮನೆಯ ಹೆಂಗಸರು.

ಎಲ್ಲರಿಗೂ ಕೇಳುವಂತೆ ಕೇಳಿದೆ. "ಭಾವಾರೇ, ನಾನು ಚಳ್ಳಕೆರ್‍ಯಾಗಿದ್ದೆ, ಅತ್ತೇರನ್ನ ಕೇಳ್ರಿ. ಇಲ್ಲಿ ಹೊರಗಾದೋರು ಯಾರು ಮುಟ್ಟಿದ್ರು?"

ಭಾವನ ಅತ್ತೆಯ ಮುಖ ಕೆಂಪಾಯಿತು. "ಏನ್ ಅಳಿಯಂದ್ರೆ, ನಮ್ಮ ಮನಿ ಹೆಣ್ಮಕ್ಕಳಿಗೆ ಹಿಂಗಂತೀರಾ?" ಎಂದರು. ಸ್ವಂತ ಹೆಂಡತಿಯೇ ದುರುಗುಟ್ಟಿಕೊಂಡು ನೋಡಿದಳು. ಭಾವ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಳ್ಳತೊಡಗಿದರು. ಆ ನೋಟವನ್ನು ನಾನು ಹೋಳಿಗೆಯ ಹಾಗೆ ಸವಿದೆ.

ಬಾನೆಟ್ ಎತ್ತಿಸಿ ತಂದ ಬ್ಯಾಟರಿ ಕೂರಿಸಿದೆ. ಒಂದು ಕಡೆಯ ವೈರನ್ನು ಬ್ಯಾಟರಿಗೆ ಕಟ್ಟದೆ, ನಡುವೆ ಟೆಸ್ಟ್ ಬಲ್ಬು ಹಿಡಿದೆ. ಕೀಲಿ ಉಡಿದಾರದಲ್ಲೇ ಇತ್ತು, ಆದರೂ ಬಲ್ಬು ಮಂದವಾಗಿ ಉರಿಯಿತು, ಅಂದರೆ ಕರೆಂಟು ತಿನ್ನುವುದು ಏನೋ ಒಳಗಿತ್ತು. ಫ್ಯೂಸುಗಳನ್ನೆಲ್ಲ ಕೀಳಿಸಿದರೂ ಉರಿಯಿತು. "ಈಗ ವೀರಭದ್ರನ ಹಿಂದಿನ ವೈರು ಬಿಚ್ಚಿರಿ. ನೀವೇ ಸುತ್ತಿದ್ದು, ನೀವೇ ಬಿಚ್ಚಿರಿ."

ಬೇರೆ ದಾರಿಯಿರಲಿಲ್ಲ. ಎಳೆದರು. ದೇವರ ದೀಪ, ನನ್ನ ಕೈಯ ಬಲ್ಬು ಎರಡೂ ಒಟ್ಟಿಗೆ ಆರಿದವು.

"ಯಾಕೋ ದೀಪ ಆರಿಸ್ದಿ?" ಎಂದು ಅತ್ತೆ ಮಗನ ಮೇಲೆ ರೇಗಿದರು. "ಹಚ್ಚು ಮೊದ್ಲು!"

"ದೀಪ ಇರ್ಲಿ ಅತ್ತೆ," ಎಂದೆ. "ಗಾಡಿ ದಿನಾ ಓಡಿದ್ರೆ ಏನೂ ಆಗಲ್ಲ. ನಾಕು ದಿನ ನಿಂತ್ರೆ ಸಾಯ್ತೈತೆ. ನಿಲ್ಲಿಸ್ದೋರು ಯಾರು ಅಂತ ನಿಮ್ಗೇ ಗೊತ್ತು."

 ಅತ್ತೆ ಕೀಲಿಗಾಗಿ ಮಗನ ಕಡೆ ಕೈ ಚಾಚಿದರು. ಬೀಗರೆಲ್ಲ ನೋಡುತ್ತಿರುವಾಗ ಭಾವ ಗೋಡೆಯ ಕಡೆ ತಿರುಗಿ, ಪಂಚೆ ಸಡಿಲಿಸಿ, ಬೆವರಿಗೆ ಬಿಗಿದಿದ್ದ ಗಂಟನ್ನು ಬಿಚ್ಚಲು ಒದ್ದಾಡಿದರು. ಕೀಲಿ ಅತ್ತೆಯ ಕೈಯಿಂದ ನನ್ನ ಕೈಗೆ ಬಂತು, ಇನ್ನೂ ಬೆಚ್ಚಗಿತ್ತು. ದೇವರ ದೀಪದ ವೈರನ್ನು ಮತ್ತೆ ಸುತ್ತಿಸಿ ವಾಪಸ್ಸು ನಾನೇ ಓಡಿಸಿದೆ, ಭಾವ ಹಿಂದಿನ ಸೀಟಿನಲ್ಲಿ ಕೂತರು.

ಮುಂದಿನ ತಿಂಗಳು ಹೊರಗಾದ ಮೊದಲ ದಿನವೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಭಾವ ತಿಂಡಿಗೆ ಕೂತಲ್ಲಿಗೆ ಹೋದೆ.

"ಭಾವಾರೇ, ಇವತ್ತು ನಾನು ಹೊರಗಾಗೀನಿ. ದೇವರ ದೀಪ ಆರಬಾರ್ದಲ್ಲ, ಗಾಡಿ ತಗೊಂಡು ಮೊಳಕಾಲ್ಮೂರಿಗೆ ಹೋಗಿ ಬರ್ತೀನಿ."

ರೊಟ್ಟಿ ಅವರ ಕೈಯಲ್ಲೇ ಉಳಿಯಿತು. ಅದನ್ನೂ ಅವತ್ತು ತಟ್ಟಿದವಳು ನಾನೇ.