ಸೆಲ್ಫ್ ಹೊಡೆಯದ ಕಾರು

ಕೆಟ್ಟು ನಿಂತ ಕಾರು ಕಂಡರೆ ನಮ್ಮ ಜನಕ್ಕೆ ಕೈ ತುರಿಸುತ್ತದೆ. ಹಲಸೂರು ಕೆರೆಯ ಪಕ್ಕ ನನ್ನ ಕಾರು ನಿಂತ ಬೆಳಿಗ್ಗೆ, ಕರೆಯದೆ ಐದು ಜನ ಬಂದು ಹಿಂದೆ ಕೈಯಿಟ್ಟರು. "ಇದು ಆಟೋಮ್ಯಾಟಿಕ್ ಕಣ್ರೀ, ತಳ್ಳಿದ್ರೆ ಸ್ಟಾರ್ಟ್ ಆಗಲ್ಲ!" ಎಂದು ಕಿರುಚಿದೆ. "ನೀವು ಸುಮ್ನೆ ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಡಿ ಮೇಡಂ, ನಾವಿಲ್ವಾ?" ಎಂದನೊಬ್ಬ. ಇಲ್ಲದ ಕ್ಲಚ್ಚನ್ನು ಎಲ್ಲಿಂದ ತರಲಿ? ಬಸ್ ಸ್ಟಾಪಿನವರೆಗೆ ತಳ್ಳಿ, ಬೆವರು ಒರೆಸಿಕೊಂಡು, ಹೆಂಗಸರ ಡ್ರೈವಿಂಗನ್ನು ಬೈದುಕೊಂಡು ಹೋದರು. ಚಪ್ಪಲಿ ಎಸೆಯಬೇಕೆನಿಸಿತು. ಎಸೆಯಲಿಲ್ಲ, ನನ್ನ ಚಪ್ಪಲಿ ಅಳತೆ ಕೊಟ್ಟು ಮಾಡಿಸಿದ್ದು.

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿತ್ತು. ಸರ್ವಜ್ಞನಗರದ ಮನೆಯಿಂದ ಇಂದಿರಾನಗರದ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ಕಾಯದೆ ಮನೆಯಿಂದ ಹೊರಡಲು ಕಲಿತದ್ದು ಈ ಹಳೇ ಕಾರು ಬಂದಮೇಲೆ. ಇದು ಹೋದರೆ ಇನ್ನೊಂದು ಕೊಳ್ಳುವ ತಾಕತ್ತು ನಮಗಿಲ್ಲ.

ಎರಡು ತಿಂಗಳು ಗ್ಯಾರೇಜುಗಳ ಬಾಗಿಲು ಕಾದೆ. ಕೀ ತಿರುಗಿಸಿದರೆ 'ಟಕ್' ಎನ್ನುತ್ತಿತ್ತು, ಅಷ್ಟೇ. ಮೊದಲನೆಯವನು ಬ್ಯಾಟರಿ ಬದಲಿಸಿದ. ಎರಡನೆಯವನು ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರನ್ನೇ ಬಿಚ್ಚಿ, ಎಣ್ಣೆಗೈಯನ್ನು ನನ್ನ ಸೀಟಿಗೆ ಒರೆಸಿ, "ಹಿಂದೆ ಯಾರು ಮಾಡಿದ್ದು ಮೇಡಂ ಈ ಕೆಲ್ಸ?" ಎಂದ. ಮೂರನೆಯವನು ಮಹಾ ಬುದ್ಧಿವಂತ. ಗೇರು ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದ್ದರೆ ಮಾತ್ರ ಸೆಲ್ಫ್ ಹೊಡೆಯುವಂತೆ ಕಾಯುವ ಪುಟ್ಟ ಸ್ವಿಚ್ಚೊಂದಿದೆ. ಅದರ ಎರಡೂ ವೈರುಗಳನ್ನು ಸೇರಿಸಿ ಟೇಪು ಸುತ್ತಿದ. ನಾನು ಡ್ರೈವಿನಲ್ಲಿಟ್ಟು ಕೀ ತಿರುಗಿಸಿ ಗೋಡೆಗೆ ನುಗ್ಗಲಿ ಎಂದೇ? ಥೂ! ಎದುರೇ ನಿಂತು ಬಿಚ್ಚಿಸಿದೆ. ಅವನು ಗುಟ್ಕಾ ಉಗಿದ, ಅದೂ ನನ್ನ ಟೈರಿನ ಮೇಲೆ.

ಕೊನೆಗೆ ನನ್ನ ಗಂಡ, "ಶನಿವಾರ ಹನ್ನೊಂದಕ್ಕೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಸ್ಟಾರ್ಟ್ ಆದ್ರೆ ಇಟ್ಕೋ. ಇಲ್ಲಾಂದ್ರೆ ನಾನೇ ದಿನಾ ಬಿಟ್ಟು ಬರ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮೂಟೆ ಇಳಿಸಿದಂತೆ ಶಾಲೆಯ ಗೇಟಿನಲ್ಲಿ ನನ್ನನ್ನು ಇಳಿಸುತ್ತಾರಲ್ಲ, ಮತ್ತೆ!

ಶನಿವಾರ ಹತ್ತಕ್ಕೆ ಶಿವಾಜಿನಗರದ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಬಿಳಿ ಗಡ್ಡ, ಕೈಯಲ್ಲಿ ಒಂದು ಮೀಟರು. ಏನನ್ನೂ ಬಿಚ್ಚಲಿಲ್ಲ. ಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಒತ್ತಿ ಹಿಡಿದು, "ಕೀ ತಿರುಗ್ಸಿ ಅಮ್ಮಾ" ಎಂದರು. ಟಕ್. ಮುಳ್ಳು ಜಿಗಿಯಿತು.

"ಇಲ್ಲಿ ಸೊನ್ನೆ ಹತ್ರ ಇರ್ಬೇಕು. ಕರೆಂಟು ಹೋಗ್ತದೆ, ವಾಪಸ್ ಬರೋಕೆ ರಸ್ತೆ ಇಲ್ಲ. ಅರ್ತ್ ಹೋಗಿದೆ ಅಮ್ಮಾ, ಅಷ್ಟೇ."

ದಪ್ಪ ಕೇಬಲ್ಲೊಂದನ್ನು ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿನ ಮೈಗೆ ಹಿಡಿದರು. ಕೀ ತಿರುಗಿಸಿದೆ. ಎರಡು ತಿಂಗಳ ಮೇಲೆ ನನ್ನ ಕಾರು ಗುಡುಗಿತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಅರ್ತ್ ವೈರು ಕಾರಿನ ಮೈಗೆ ಸೇರುವ ಬೋಲ್ಟನ್ನು ಹುಡುಕಲು ಬ್ಯಾಟರಿಯ ಪಕ್ಕ ಬಗ್ಗಿದವರು ತಟ್ಟನೆ ಕೈ ಹಿಂತೆಗೆದರು. "ಇದು ಯಾರೋ ಕಟ್ಟಿದ್ದು. ನಾನು ಮುಟ್ಟಲ್ಲ ಅಮ್ಮಾ, ನೀವೇ ತೆಗೀರಿ."

ಬಗ್ಗಿ ನೋಡಿದೆ. ಬೋಲ್ಟಿನ ಮೇಲೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ಒಂದು ಇದ್ದಿಲ ಚೂರು. ಅದರ ಕೆಳಗೆ ಹಳೆಯವುಗಳ ಕರೀ ಮುದ್ದೆ. ವರ್ಷಗಟ್ಟಲೆ ಕೊಳೆತು ಸೋರಿದ ಹುಳಿ ಬೋಲ್ಟನ್ನು ತಿಂದು, ವೈರಿನ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ವಾಂತಿ ಬರುವ ನಾತ. ಆ ಮೂವರು ಮೆಕ್ಯಾನಿಕ್ಕುಗಳೂ ಇದನ್ನು ನೋಡಿರಲೇಬೇಕು! ಮುಟ್ಟಿದರೆ ದೃಷ್ಟಿ ತಮಗೆ ತಗಲುತ್ತದೆಂದು ಪಕ್ಕಕ್ಕೆ ಸರಿದು, ಕೆಡದಿದ್ದನ್ನೆಲ್ಲ ಬಿಚ್ಚಿದ್ದಾರೆ. ಲೆಕ್ಕದ ಟೀಚರಮ್ಮ ನಾನಾದರೂ ಒಮ್ಮೆ ಬಗ್ಗಿ ನೋಡಿದೆನೇ? ಛೀ, ನನ್ನ ಜನ್ಮಕ್ಕಿಷ್ಟು!

ಅದನ್ನು ಕಿತ್ತು ಕೈಯಲ್ಲಿ ಹಿಡಿದು ತಿರುಗಿದರೆ ಬಾಗಿಲಲ್ಲಿ ಅತ್ತೆ. ಮೂರು ವರ್ಷದ ಹಿಂದೆ ಅವರು ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣನ್ನು ನಾನು ನೆರೆಯವರೆದುರೇ ಕಿತ್ತು, "ನನ್ನ ಗಾಡಿಗೆ ಈ ಅಸಹ್ಯ ಬೇಡ" ಎಂದು ಚರಂಡಿಗೆ ಎಸೆದಿದ್ದೆ. ಆಮೇಲೆ ಅವರು ಆ ಮಾತೇ ಎತ್ತಿರಲಿಲ್ಲ.

"ನಾನೇ ಕಟ್ಟಿದ್ದು ಕಣೇ," ಎಂದರು. "ಅಮಾವಾಸ್ಯೆ ಅಮಾವಾಸ್ಯೆಗೂ ಹಾಲಿನವನ ಕೈಲಿ ಬಾನೆಟ್ ತೆಗೆಸ್ತಿದ್ದೆ. ಹೊರಗೆ ಕಟ್ಟಿದ್ರೆ ನೀನು ಬಿಡಲ್ವಲ್ಲ. ಆ ಕಾಲಿಟ್ಕೊಂಡು ಒಬ್ಳೇ ಹೋಗ್ತೀಯ, ವಾಪಸ್ ಬರೋ ತನಕ ನಂಗೆ ಜೀವ ಕೈಲಿರತ್ತೆ." ಕಾರನ್ನೇ ನೋಡುತ್ತಿದ್ದರು. "ಅದು ಕೆಟ್ಟಿದ್ದು ನನ್ನಿಂದಾನಾ?"

ಬೆರಳ ಸಂದಿಯಿಂದ ಕರೀ ರಸ ಮೊಣಕೈವರೆಗೆ ಇಳಿಯುತ್ತಿತ್ತು. ಎರಡು ತಿಂಗಳಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು.

"ಇಲ್ಲ ಅತ್ತೆ. ಬೋಲ್ಟ್ ಸಡಿಲ ಆಗಿತ್ತಂತೆ."

ಎಲೆಕ್ಟ್ರಿಷಿಯನ್ ನನ್ನನ್ನೊಮ್ಮೆ ನೋಡಿದರು. "ಹೌದು ಅಮ್ಮಾ, ಬೋಲ್ಟೇ," ಎಂದು ಉಪ್ಪುಕಾಗದದಿಂದ ಕಿಲುಬು ತಿಕ್ಕತೊಡಗಿದರು.

ಗುಜರಿಯವನು ಗೇಟಿನಲ್ಲಿ ಹಾರನ್ ಹೊಡೆದಾಗ ಹನ್ನೊಂದಾಗಿತ್ತು. ಇಂಜಿನ್ ಓಡುತ್ತಿತ್ತು. ನನ್ನ ಗಂಡ ಹೋಗಿ ಅವನನ್ನು ವಾಪಸ್ ಕಳಿಸಿದರು.

ಈಗ ಅತ್ತೆಯ ನಿಂಬೆಹಣ್ಣು ಬಂಪರಿನ ಮುಂದೆ, ಇಡೀ ಬೀದಿಗೆ ಕಾಣುವಂತೆ ನೇತಾಡುತ್ತದೆ. ಅಮಾವಾಸ್ಯೆ ಹತ್ತಿರವಾಗುವ ಹೊತ್ತಿಗೆ ಒಣಗಿ ಕಪ್ಪಾಗಿ, ನೊಣ ಕೂತಿರುತ್ತದೆ. ನೋಡಿದರೆ ಈಗಲೂ ನನಗೆ ಅಸಹ್ಯ. ಹೊಸದು ಕಟ್ಟುವಾಗ ಅತ್ತೆಗೆ ಬಗ್ಗಲಾಗುವುದಿಲ್ಲ, ಹಣ್ಣನ್ನು ನಾನೇ ಹಿಡಿದುಕೊಳ್ಳುತ್ತೇನೆ.