ಎರಡನೇ ಭಾಗದ ಕ್ಯಾಸೆಟ್ಟು

ಬಿಸಿಯಾದ ಅಡಾಪ್ಟರಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಸುಟ್ಟ ಪ್ಲಾಸ್ಟಿಕ್ಕಿಗೂ ಹೊಸ ಚಪ್ಪಲಿಗೂ ನಡುವಿನದು. ಹೋದ ವಾರ ಮಸ್ಕಿಯಲ್ಲಿ, ಗೆಳೆಯ ಮೆಹಬೂಬನ ಟಿವಿ ರಿಪೇರಿ ಅಂಗಡಿಯಲ್ಲಿ ಅದು ಮೂಗಿಗೆ ಬಡಿಯಿತು. ಯಾರೋ ಬಿಟ್ಟುಹೋದ ವಿಡಿಯೋ ಗೇಮ್ ಚಾಲೂ ಇತ್ತು. ಪರದೆಯ ಮೇಲೆ ಆರು ವರ್ಷದ ಹಿಂದೆ ನಾನು ಶಾಪ ಹಾಕಿ ಮೂಲೆಗೆಸೆದಿದ್ದ ಆಟ: ಕೋಟೆ ಹತ್ತುವ ಆಟದ ಎರಡನೇ ಭಾಗ.

ಮೊದಲನೇ ಭಾಗದಲ್ಲಿ ನಾನು ಇಡೀ ಸಿಂಧನೂರಿಗೇ ಪಂಡಿತ. (ಸಿಂಧನೂರು ಎಂದರೆ ನಮ್ಮ ಓಣಿ.) ಎಲ್ಲಿ ತಗ್ಗು, ಎಲ್ಲಿ ಬಾವಲಿ, ಕಣ್ಣು ಮುಚ್ಚಿ ಹೇಳುತ್ತಿದ್ದೆ. ಕರೆಂಟು ಹೋದರೆ ಅದರ ಹಾಡು, ಜಿಗಿತ, ಸಾಯುವ ಸದ್ದು ಎಲ್ಲವನ್ನೂ ಬಾಯಲ್ಲೇ ಮಾಡುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಲೇ "ಕರೆಂಟ್ ಬಂತೇನೋ?" ಎಂದು ಮೋಸಹೋಗುತ್ತಿದ್ದಳು.

ಆ ಬೇಸಿಗೆ ಲಿಂಗಸುಗೂರಿನಿಂದ ಕಾಕಾ ಬಂದ, ಜೊತೆಗೆ ಮಗಳು ಶಾಂತಾ. ಎರಡನೇ ಭಾಗದ ಹೊಸ ಕ್ಯಾಸೆಟ್ಟನ್ನು ಬಸ್ಸಿನಲ್ಲಿ ಉದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. "ಅಣ್ಣಾ, ಇದ್ರಾಗ ಹುಡುಗಿನೂ ಅದಾಳ. ಇಬ್ಬರೂ ಕೂಡಿ ಆಡಬೋದಂತ," ಎಂದಳು.

ಹಾಕಿದೆವು. ಹಾಡು ಬೇರೆ, ತಗ್ಗುಗಳೂ ಬೇರೆ ಕಡೆ. ಹಳೆಯ ಅಂದಾಜಿನಲ್ಲಿ ಜಿಗಿದ ನಾನು ಮೊದಲ ತಗ್ಗಿಗೇ ಬಿದ್ದೆ. ಶಾಂತಾ ನಿಂತಳು, ನೋಡಿದಳು, ದಾಟಿದಳು. ಪಂಡಿತರಿಗೆ ಇದಕ್ಕಿಂತ ಅವಮಾನ ಬೇಕೆ? ಮತ್ತೆ ಎದ್ದವನು ಅವಳನ್ನು ಬಿಟ್ಟು ಓಡಿದೆ. ಪರದೆಯ ಅಂಚಿಗೆ ಮುಟ್ಟಿದರೆ ಅದು ಮುಂದೆ ಸರಿಯಲೊಲ್ಲದು.

"ಕೆಟ್ಟೈತಿ," ಎಂದೆ. "ಶಾಂತಾನ ಕೈ ಹತ್ತಿತು ನೋಡ್ರಿ, ಮಷೀನು ನಿಂತ ಬಿಡ್ತು." ಅಷ್ಟಕ್ಕೇ ಬಿಡದೆ, ಅವಳು ನಾಲಿಗೆ ಕಚ್ಚಿ ಬಟನ್ ಒತ್ತುವುದನ್ನು, ಮಷೀನು ಎಮ್ಮೆಯ ಹಾಗೆ ನರಳಿ ಪ್ರಾಣ ಬಿಡುವುದನ್ನು ಮಾಡಿ ತೋರಿಸಿದೆ. ಮನೆಯೆಲ್ಲ ನಕ್ಕಿತು, ಕಾಕಾ ಎಲ್ಲರಿಗಿಂತ ಜೋರಾಗಿ.

"ನಾ ಏನೂ ಮಾಡಿಲ್ಲಪ್ಪ. ಹಿಂದ ಬರಾಕತ್ತಿದ್ದೆ, ಅಷ್ಟ," ಎಂದಳು ಶಾಂತಾ.

ಇನ್ನೊಮ್ಮೆ ಹಾಕಿ ನೋಡಬಹುದಿತ್ತು. ಹಾಕಲಿಲ್ಲ. ನಿಮ್ಮ ಮುಂದೆ ಮುಚ್ಚುಮರೆ ಏಕೆ, ಅದು ಕೆಟ್ಟಿರಲಿ ಎಂಬುದೇ ನನ್ನ ಆಸೆ. ಕಾಲುವೆ ನೀರು ಬಂದು ಜೋಳದ ಹೊಲವೆಲ್ಲ ಭತ್ತದ ಗದ್ದೆಯಾದ ಮೇಲೆ ಊಟದ ರುಚಿಯೇ ಹೋಯಿತು ಎನ್ನುತ್ತ ಮೂರು ಸಲ ಅನ್ನ ಬಡಿಸಿಕೊಳ್ಳುವ ತಾತನೊಬ್ಬ ನಮಗೆ ದಢೇಸುಗೂರಿನಲ್ಲಿದ್ದ. ಅವನನ್ನು ಬಹಳ ಆಡಿಕೊಂಡಿದ್ದೇನೆ. ಅವನಾದರೂ ಉಂಡು ಬೈಯುತ್ತಿದ್ದ. ನಾನು ಉಣ್ಣದೇ ಬೈದೆ.

ಆಮೇಲೆ ಮದುವೆಯಿರಲಿ, ಕುಬಸವಿರಲಿ, ಬಂಧುಗಳು ಕೂಡಿದಲ್ಲೆಲ್ಲ "ಶಾಂತಾನ ಮಷೀನು ಮಾಡಲೇ" ಎನ್ನುವರು, ನಾನು ಮಾಡುವೆ. ಪಿಯುಸಿ ಮುಗಿಸಿದ ಶಾಂತಾ ಟೈಪಿಂಗ್ ಕಲಿಯುತ್ತೇನೆಂದಾಗ ಕಾಕಾ, "ನಿನ್ನ ಕೈಯಾಗ ಮಷೀನು ಉಳಿತೈತೇನಬೇ?" ಎಂದು ನಕ್ಕು, ಕಳಿಸಲೇ ಇಲ್ಲ. ಅದನ್ನೂ ನಾನು ನಕಲು ಮಾಡಿದ್ದೇನೆ, ಕಾಕಾನ ಕೆಮ್ಮಿನ ಸಮೇತ.

ಮಸ್ಕಿಯಲ್ಲಿ ಮೆಹಬೂಬ ನನಗೆ ಜೊತೆಗಾರನಾಗಿ ಆಡಲು ಕೂತ. ಅದೇ ಚಾಳಿ, ಓಡಿ ಅಂಚು ಮುಟ್ಟಿದೆ. ಪರದೆ ನಿಂತಿತು.

"ಕೆಟ್ಟೈತಿ ಬಿಡಲೇ," ಎಂದೆ.

"ಎಲ್ಲಿ ಕೆಟ್ಟೈತಿ? ನಾ ಇನ್ನೂ ಹಿಂದ ಅದೀನಲ್ಲ. ತಡಿ," ಎನ್ನುತ್ತ ಅವನು ಚಹಾ ಕೆಳಗಿಟ್ಟು, ತಗ್ಗು ದಾಟಿ ಬಂದು ನನ್ನ ಪಕ್ಕ ನಿಂತ. ಪರದೆ ಸರಿಯಿತು. ಆನೆ ಬಾಗಿಲು, ಅದರಾಚೆ ನೀರು ತುಂಬಿದ ಕೊಳ, ಕೊಳದಾಚೆ ಮೆಟ್ಟಿಲು. ಮೊದಲನೇ ಭಾಗಕ್ಕಿಂತ ಚೆಂದವಿತ್ತು.

ಮರುದಿನ ಲಿಂಗಸುಗೂರಿಗೆ ಹೋದೆ. ಶಾಂತಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಹೇಳಿದೆ.

"ನನ್ನ ಕೈಲೇ ಕೆಡ್ತಂತ ನಾನೂ ನಂಬಿದ್ದೆ ಅಣ್ಣ," ಎಂದಳು. "ಮಿಕ್ಸಿ ಹಚ್ಚಾಕ ಸೈತ ಅವ್ವನ್ನ ಕರೀತೀನಿ." ಅಕ್ಕಿಯೊಳಗಿನ ಕಲ್ಲೊಂದನ್ನು ಹೆಕ್ಕಿ ಎಸೆದು, "ಅಪ್ಪನ ಮುಂದ ಹೇಳು. ಯಾರ ದನಿನೂ ತಗೀಬ್ಯಾಡ," ಎಂದಳು.

ಸಂಜೆ ಕಾಕಾ ಬಂದ. ಯಾರ ದನಿಯನ್ನೂ ತೆಗೆಯದೆ, ತಪ್ಪು ನನ್ನದೆಂದು, ಶಾಂತಾಳನ್ನು ಟೈಪಿಂಗಿಗೆ ಕಳಿಸಬೇಕೆಂದು ಹೇಳಿದೆ. ಅವನು ಪೂರ್ತಿ ಕೇಳಿ ತೊಡೆ ತಟ್ಟಿ ನಕ್ಕ.

"ಇದು ಯಾರ ನಕಲಲೇ? ಗುರುತ ಹತ್ತವಲ್ದು."

ಶಾಂತಾ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಮೊದಲಿನಿಂದ ಮತ್ತೆ ಹೇಳತೊಡಗಿದೆ.

ಇವತ್ತಿಗೆ ನಾಲ್ಕನೇ ದಿನ. ಲಿಂಗಸುಗೂರಿನಲ್ಲೇ ಇದ್ದೇನೆ. ಕಾಕಾನಿಗೆ ಇನ್ನೂ ನಗು ಬರುತ್ತಿದೆ.